ಖಾಲಿ ಬೇರೆ, ಸೊನ್ನೆ ಬೇರೆ

ದಾಖಲೆಯ ಪ್ರಕಾರ ನಾನು ಜೂನ್ ಒಂದರಂದು ಹುಟ್ಟಿದವನು. ಶಿಗ್ಲಿಯ ಶಾಲೆಯಲ್ಲಿ ನನ್ನ ತರಗತಿಯ ಅರ್ಧಕ್ಕರ್ಧ ಮಂದಿ ಅದೇ ದಿನ ಹುಟ್ಟಿದ್ದೆವು. ಹೆಬ್ಬೆಟ್ಟು ಒತ್ತುವ ಅಪ್ಪಂದಿರಿಗೆ ತಾರೀಖು ಗೊತ್ತಿರಲಿಲ್ಲ, ಕಾಲಂ ಖಾಲಿ ಬಿಡುವ ಧೈರ್ಯ ಮಾಸ್ತರರಿಗಿರಲಿಲ್ಲ. ನಾನು ಶೇಂಗಾ ಕೀಳುವ ದಿನಗಳಲ್ಲಿ ಹುಟ್ಟಿದೆನೆಂದು ಅವ್ವ ಈಗಲೂ ಹೇಳುತ್ತಾಳೆ. ನಮ್ಮ ಮನೆಯ ಮೊದಲ ಪದವೀಧರನಾದ ನನಗೆ ಜೂನ್ ಒಂದರಂದು ಯಾರಾದರೂ ಶುಭಾಶಯ ಹೇಳಿದರೆ ಬೇರೆಯವರ ಚಪ್ಪಲಿ ಮೆಟ್ಟಿದಂತಾಗುತ್ತದೆ.

ಕಂಪ್ಯೂಟರೂ ನಮ್ಮ ಮಾಸ್ತರರ ತಮ್ಮನೇ ಎಂದು ತಿಳಿದದ್ದು ಪ್ರೋಗ್ರಾಂ ಬರೆಯಲು ಕಲಿತ ಮೇಲೆ. ಅದು ಕಾಲವನ್ನು ಎಣಿಸುವುದು ೧೯೭೦ರ ಜನವರಿ ಒಂದರಿಂದ. ಪ್ರೋಗ್ರಾಂ ಬರೆದವನು ಎಚ್ಚರ ತಪ್ಪಿದರೆ, ದಿನಾಂಕದ ಖಾಲಿ ಜಾಗವನ್ನು ಸೊನ್ನೆ ಎಂದು ತಿಳಿದು ಆ ದಿನವನ್ನೇ ಅಚ್ಚು ಹಾಕುತ್ತದೆ. ಸೊನ್ನೆ ಒಂದು ಉತ್ತರ. ಖಾಲಿ ಎಂದರೆ ಉತ್ತರವೇ ಸಿಕ್ಕಿಲ್ಲ.

ಎಚ್ಚರ ತಪ್ಪಿದವನು ನಾನೇ. ಗದಗಿನ ಒಂದು ಕಣ್ಣಿನ ದವಾಖಾನೆಗೆ ನಾನು ಬರೆದುಕೊಟ್ಟ ಪ್ರೋಗ್ರಾಂ, ಅರವತ್ತು ದಾಟಿದವರ ಪೊರೆ ತೆಗೆಯುವ ಶಿಬಿರದ ಯಾದಿಯಿಂದ ಕೊರ್ಲಹಳ್ಳಿಯ ಹುಸೇನಬಿ ಅಜ್ಜಿಯ ಹೆಸರನ್ನು ಕೈಬಿಟ್ಟಿತು. ಪ್ರೋಗ್ರಾಂ ಅಚ್ಚು ಹಾಕಿದ ಚೀಟಿಯಲ್ಲಿ ಅವಳು ಹುಟ್ಟಿದ್ದು ೧೯೭೦ರ ಜನವರಿ ಒಂದಕ್ಕೆ. ಪಕ್ಕದಲ್ಲಿ ಅರವತ್ತು ದಾಟಿದ, ಬಿಳಿಗಡ್ಡದ ಮಗ ನಿಂತಿದ್ದ. ಸುದ್ದಿ ಕೇಳಿ ದವಾಖಾನೆಗೆ ಬಂದ ನನ್ನನ್ನು ಅಜ್ಜಿ ತಡೆದು ನಿಲ್ಲಿಸಿದಳು.

"ಏನಪಾ, ಇಂವ ನನಗ ಅಣ್ಣ ಆದ್ನೇನು? ಹೊಳಿ ಬಂದು ಹಿತ್ತಲ ತನಕ ನೀರು ನಿಂತಾಗ ಹುಟ್ಟೇನಿ ಅಂತ ಹೇಳಿದ್ನೆಲ್ಲ! ನಿನ್ನ ಡಬ್ಬಿಗೆ ಕಿವಿ ಇಲ್ಲೇನು?"

ಶಿಬಿರ ಮರುದಿನವೇ ಮುಗಿಯುವುದಿತ್ತು. ದವಾಖಾನೆಯ ಮ್ಯಾನೇಜರು ಉಪಾಯ ಹೇಳಿದರು: "ಜೂನ್ ಒಂದು ಅಂತ ಯಾವದಾರ ಹಳೇ ಇಸ್ವಿ ಹಾಕಿ ಮುಗಸ್ರಿ. ಅರ್ಧಾ ಜಿಲ್ಲಾ ಅವತ್ತ ಹುಟ್ಟೇತಿ."

"ಹಾಕೂದಿಲ್ರಿ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂತನ ಬರೀತೇನ್ರಿ."

"ಇಷ್ಟ ಓದಿ ಗೊತ್ತಿಲ್ಲ ಅಂತೀರೆಲ್ರಿ!"

"ಅದನ್ನ ಹೇಳಾಕನ ಓದೇನ್ರಿ."

ಅಲ್ಲೇ ಕುಳಿತು ತಿದ್ದಿದೆ. ಖಾಲಿ ಇದ್ದದ್ದು ಖಾಲಿಯೇ ಇರಲಿ, ಚೀಟಿಯಲ್ಲಿ ಗೊತ್ತಿಲ್ಲ ಎಂದು ಬರಲಿ, ವಯಸ್ಸನ್ನು ಡಾಕ್ಟರು ನೋಡಿ ಬರೆಯಲಿ. ನಾಲ್ಕೇ ಸಾಲು, ಮೊದಲೇ ಬರೆಯದ್ದಕ್ಕೆ ನಾಚಿಕೆಯಾಯಿತು. ಡಾಕ್ಟರು ಅಜ್ಜಿಯ ಮುಖವನ್ನೂ ಮಗನ ಗಡ್ಡವನ್ನೂ ನೋಡಿ "ಸುಮಾರು ಎಂಬತ್ತು" ಎಂದು ತುಂಬಿದರು. ಮರುದಿನ ಪೊರೆ ತೆಗೆದರು.

ಪಟ್ಟಿ ಬಿಚ್ಚಿದ ಮೇಲೆ ಅಜ್ಜಿ ಹೊಸ ಚೀಟಿ ತಂದು ನನ್ನ ಮುಂದೆ ಹಿಡಿದಳು. ಓದಿದೆ: ಹುಟ್ಟಿದ ದಿನ, ಗೊತ್ತಿಲ್ಲ. ಅಜ್ಜಿ ತಲೆಯಾಡಿಸಿದಳು. ವಯಸ್ಸು, ಸುಮಾರು ಎಂಬತ್ತು. ಹೊಸ ಕಣ್ಣು ನನ್ನ ಮೇಲೆ ನೆಟ್ಟಿತು.

"ಎಂಬತ್ತ ಅಂತ ಆ ಡಾಕ್ಟರಗ ಯಾರ ಹೇಳಿದ್ರು? ಅದನ್ನೂ ಗೊತ್ತಿಲ್ಲ ಅಂತ ಬರಿ."