ಅಂಗಾಲಿಗೆ ಕೇಳಿದ ಹೆಜ್ಜೆ

ಬಾಯ್ಲರ್ ಮೇಸ್ತ್ರಿಗೆ ಎರಡು ಕಿವಿಯೂ ಕೇಳಿಸುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಬಾಯ್ಲರಿನ ಹೊಟ್ಟೆಯೊಳಗೆ ಕೂತು ಸುತ್ತಿಗೆ ಬಡಿದವರಿಗೆ ಅದೇನು ಅಪರೂಪವಲ್ಲ. ಅಪರೂಪವೆಂದರೆ, ಅದನ್ನು ಯಾರಿಗೂ ಹೇಳದೆ ಅವರು ವಾರಕ್ಕೆ ಮೂರು ಸಂಜೆ ಸಮುದಾಯ ಭವನದಲ್ಲಿ ಕರಾಟೆ ಕಲಿಸುತ್ತಿದ್ದುದು. ಓಕಿನಾವಾ ದ್ವೀಪದ ಹಳೆಯ ಪದ್ಧತಿ, ಬರಿಗೈ, ಬರಿಗಾಲು. ಗುರುಗಳೇ ಎಂದರೆ ಸಿಡುಕುತ್ತಿದ್ದರು. ಹಾಗಾಗಿ ಅಲ್ಲೂ ಅವರು ಮೇಸ್ತ್ರಿಯೇ.

ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಆದರೆ ಪಟ್ಟುಗಳನ್ನು ಒಂದರ ಹಿಂದೊಂದು ಪೋಣಿಸಿದ ಕಟಾ ಕಲಿಸುವಾಗ ಎಲ್ಲರಿಗೂ ಬೆನ್ನು ಹಾಕಿ ಮುಂದೆ ನಿಲ್ಲಬೇಕು. ಆಗ ಅವರಿಗೆ ಆಸರೆ ಹಳೆಯ ಮರದ ನೆಲ. ಹಿಂದಿನ ಇಪ್ಪತ್ತು ಜನರ ಹೆಜ್ಜೆ ಹಲಗೆಯಲ್ಲಿ ನಡುಗಿ ಅವರ ಅಂಗಾಲಿಗೆ ಮುಟ್ಟುತ್ತಿತ್ತು. ಮುಟ್ಟಿದ ಮೇಲೆ ಮುಂದಿನ ಎಣಿಕೆ. ಗುಟ್ಟು ರಟ್ಟಾದರೆ ಪಾಠ ನಿಲ್ಲುತ್ತದೆ, ಪಾಠ ನಿಂತರೆ ಮನೆಯವರು ನೋಡುವ ಟಿವಿಯ ಮುಂದೆ ಗೊಂಬೆಯಂತೆ ಕೂರುವುದೇ ಗತಿ ಎಂದು ಅವರಿಗೆ ಹೆದರಿಕೆ.

ಶಿಷ್ಯರ ಮೇಲೆ ಅವರಿಗಿದ್ದ ದೂರು ಒಂದೇ. ಬೆಕ್ಕಿನಂತೆ ಸದ್ದಿಲ್ಲದೆ ಸರಿಯಿರಿ ಎಂದರೆ, ಇವರು ಗೂಟ ಹೊಡೆದಂತೆ ಕಾಲು ಕುಟ್ಟುತ್ತಿದ್ದರು. ಎಲ್ಲರಿಗಿಂತ ಜೋರು ಅವರ ಹಿರಿಯ ಶಿಷ್ಯೆ, ಇಸ್ತ್ರಿ ಅಂಗಡಿಯ ಅಕ್ಕ.

"ನಿಮ್ಗೆ ಕಿವಿ ಅನ್ನೋದು ಇದೆಯಾ? ಎಷ್ಟು ಸಲ ಹೇಳೋದು?" ಎಂದು ಮೇಸ್ತ್ರಿ ಬೈಯುತ್ತಿದ್ದರು.

ಕಪ್ಪು ಪಟ್ಟಿಯ ಪರೀಕ್ಷೆ ಅದೇ ಹಲಗೆಯ ಮೇಲೆ, ಮೇಸ್ತ್ರಿಯದೇ ಎಣಿಕೆಗೆ ನಡೆಯುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಕಾಲಿನ ಸದ್ದಿಗಾಗಿಯೇ ಅಕ್ಕನನ್ನು ಎರಡು ಸಲ ಫೇಲು ಮಾಡಿದರು. ಮಾರನೆಯ ದಿನವೂ ಅವಳು ಹಾಗೇ ಕುಟ್ಟಿದಳು. ಇಷ್ಟು ಮೊಂಡುತನ ಒಳ್ಳೆಯದಲ್ಲ ಎಂದುಕೊಂಡು ಮೇಸ್ತ್ರಿ ಕೈಚೆಲ್ಲಿದರು.

ಕಳೆದ ತಿಂಗಳು ಭವನದವರು ಗೆದ್ದಲು ಹಿಡಿದ ಹಲಗೆಗಳನ್ನು ಕಿತ್ತು, ಸಿಮೆಂಟು ಹಾಕಿ ಟೈಲ್ಸ್ ಕೂರಿಸಿದರು. ಮೊದಲ ಸಂಜೆ ಮೇಸ್ತ್ರಿ ಬೆನ್ನು ಹಾಕಿ ನಿಂತು "ಒಂದು" ಎಂದರು. ಅಂಗಾಲಿಗೆ ತಣ್ಣಗಾದದ್ದು ಬಿಟ್ಟರೆ ಏನೂ ಬರಲಿಲ್ಲ. ಅಂದಾಜಿನ ಮೇಲೆ "ಎರಡು" ಎಂದರು, "ಮೂರು" ಎಂದರು. ತಿರುಗಿ ನೋಡಿದರೆ, ಅರ್ಧ ಜನ ಒಂದರಲ್ಲಿ, ಅರ್ಧ ಜನ ಎರಡರಲ್ಲಿ ಸಿಕ್ಕಿಕೊಂಡು ಅವರನ್ನೇ ನೋಡುತ್ತಿದ್ದರು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವರಿಗೆ.

"ನಂಗೆ ಕಿವಿ ಕೇಳ್ಸಲ್ಲ," ಎಂದರು. "ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅಕ್ಕ ಅವರ ಮುಂದೆ ಬಂದು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ಗೊತ್ತು ಮೇಸ್ತ್ರಿ. ಆರು ವರ್ಷದಿಂದ ಗೊತ್ತು. ಮತ್ತೆ ನಾವು ಕಾಲು ಕುಟ್ತಾ ಇದ್ದಿದ್ದು ಯಾಕೆ ಅಂದ್ಕೊಂಡ್ರಿ?"

ಮೇಸ್ತ್ರಿ ಅವಳ ಮುಖವನ್ನೇ ನೋಡಿದರು. ಎರಡು ಸಲ ಫೇಲಾದವಳು. ಬೈದದ್ದೆಲ್ಲ ನೆನಪಾಗಿ ಅವರ ಕಣ್ಣು ತುಂಬಿತು, ನಾಚಿಕೆಯಾಯಿತು.

ಕಣ್ಣೊರೆಸಿಕೊಂಡು ಎಲ್ಲರ ಕಡೆ ಮುಖ ಮಾಡಿ ನಿಂತರು. ಎದುರಿನವರಿಗೆ ಕನ್ನಡಿಯಂತೆ ಕಾಣಲೆಂದು, ನಲವತ್ತು ವರ್ಷದ ಕರಾಟೆಯಲ್ಲಿ ರೂಢಿಯಾದ ಎಡಬಲವನ್ನು ಮನಸ್ಸಿನಲ್ಲೇ ಅದಲುಬದಲು ಮಾಡಿಕೊಂಡರು.

"ಇನ್ಮೇಲೆ ಹೀಗೇ ನಿಲ್ತೀನಿ. ಮುಂದಿನ ಪರೀಕ್ಷೇಲಿ ಇವಳು ಪಾಸಾಗ್ಬೇಕು. ಮೆಲ್ಲಗೆ ನಡೀರಿ. ಒಂದು."

ಇಪ್ಪತ್ತು ಜನ ಸರಿದರು. ಸದ್ದಾಯಿತೋ ಇಲ್ಲವೋ ಮೇಸ್ತ್ರಿಗೆ ತಿಳಿಯಲಿಲ್ಲ. ಅಕ್ಕನ ಮುಖ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.