ಎಂಬತ್ತೆರಡರಲ್ಲೇ ನಿಂತ ಅಂಕಿ

ನನ್ನ ಗಂಡನ ಹೆಸರು ಏಕನಾಥ ಮುಡಬಿ. ಬಸವಕಲ್ಯಾಣದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಹುಮನಾಬಾದಿನ ಒಂದು ಔಷಧ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ, ಕೆಲಸ ಕಲಿಸಿ ಇವರನ್ನು ಇಟ್ಟುಕೊಂಡರು. ಕಾರ್ಖಾನೆಯ ಹಿಂದೆಯೇ ಮನೆ ಮಾಡಿದೆವು.

ಕಂಪ್ಯೂಟರಿಗೆ ಒಂದು ಪ್ರಿಂಟರ್, ಒಂದು ತೂಕದ ಯಂತ್ರ, ದ್ರಾವಣ ಕುದಿಸುವ ಟ್ಯಾಂಕಿನ ಶಾಖ ಅಳೆಯುವ ಒಂದು ಮೀಟರ್ ಜೋಡಿಸಿದ್ದರು. ಪ್ರತಿಯೊಂದರ ಮಾತನ್ನು ಕಂಪ್ಯೂಟರಿಗೆ ತಿಳಿಸಲು ಒಂದೊಂದು ಸಣ್ಣ ಪ್ರೋಗ್ರಾಂ ಬೇಕು. ಅದಕ್ಕೆ ಡ್ರೈವರ್ ಅನ್ನುತ್ತಾರೆ. ಅವನ್ನು ಇವರೇ ಬರೆದಿದ್ದರು.

ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಕಂಪ್ಯೂಟರಿಗೆ ಬ್ಯಾಟರಿ ಇತ್ತು, ಮೀಟರಿಗೆ ಇರಲಿಲ್ಲ. ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರಿನಲ್ಲಿ ಶಾಖದ ಅಂಕಿ ಸೊನ್ನೆಯಾಗಿ ಅಪಾಯದ ಗಂಟೆ ಹೊಡೆದುಕೊಳ್ಳುತ್ತಿತ್ತು. ಎಲ್ಲರೂ ಹೊರಗೆ ಓಡುತ್ತಿದ್ದರು. ಟ್ಯಾಂಕಿನ ಹತ್ತಿರ ನಿಲ್ಲುವ ಬದ್ರುದ್ದೀನ್ ನಗುತ್ತ ಕಾಡಿಸುತ್ತಿದ್ದ: “ಏಕನಾಥ ಭಾಯಿ, ಗಂಟಿ ಬಡೀತಲ್ಲ, ಪೂಜಾ ಮುಗೀತೇನ್ರಿ?”

ಮ್ಯಾನೇಜರ್ ಬೈದರು. ಮೀಟರ್ ಉತ್ತರ ಕೊಡದಿದ್ದರೆ ಹಿಂದಿನ ಅಂಕಿಯೇ ನಿಲ್ಲುವ ಹಾಗೆ ಇವರು ಡ್ರೈವರ್ ತಿದ್ದಿದರು. ಗಂಟೆ ನಿಂತಿತು. ಎಲ್ಲರಿಗೂ ನೆಮ್ಮದಿಯಾಯಿತು.

ಸಾವಿರದ ಒಂಬೈನೂರ ಎಂಬತ್ತೆಂಟರ ಬೇಸಿಗೆಯಲ್ಲಿ ಹೈದರಾಬಾದಿನ ಕಂಪ್ಯೂಟರ್ ಕಂಪನಿಯವರು ಬಂದು ಕಂಪ್ಯೂಟರಿನ ಬುಡದ ಪ್ರೋಗ್ರಾಮನ್ನೇ ಹೊಸದು ಹಾಕಿ ಮುಂಜಾನೆಯೇ ಹೋದರು. ಹಳೆಯ ಡ್ರೈವರುಗಳು ಹೊಸದಕ್ಕೆ ಹೊಂದಲಿಲ್ಲ. ಪ್ರಿಂಟರ್ ಏನೇನೋ ಗೀಚಿತು. ತೂಕದ ಯಂತ್ರ ಸುಮ್ಮನಾಯಿತು. ಟ್ಯಾಂಕು ಮಾತ್ರ ಹಗಲೂ ರಾತ್ರಿ ಕುದಿಯಲೇಬೇಕು, ನಿಲ್ಲಿಸುವ ಹಾಗಿಲ್ಲ.

ಮಧ್ಯಾಹ್ನ ಇವರು ನಿಂತುಕೊಂಡೇ ರೊಟ್ಟಿ ತಿಂದರು. ಪ್ರಿಂಟರ್ ಸರಿಯಾಯಿತು, ತೂಕದ್ದು ಬಾಕಿ ಅಂದರು.

“ಟ್ಯಾಂಕಿನ ಮೀಟರ್ ಒಂದೇ ನನ್ನ ಮರ್ಯಾದಿ ಉಳಿಸ್ಯಾದ. ಅದಕ್ಕೇನೂ ಆಗಿಲ್ಲ” ಅಂದರು.

ಮುಂದಿನದನ್ನು ಬದ್ರುದ್ದೀನ್ ನನಗೆ ಹೇಳಿದ. ಅವನ ಎರಡೂ ಕೈಗೆ ಪಟ್ಟಿ ಕಟ್ಟಿದ್ದರು. ತಲೆ ಎತ್ತದೆ ಹೇಳಿದ.

ಟ್ಯಾಂಕಿನ ಪೈಪು ಎಂದಿಗಿಂತ ಹೆಚ್ಚು ಸುಡುತ್ತಿತ್ತಂತೆ. ಇವರನ್ನು ಕರೆದು ಕೇಳಿದನಂತೆ.

“ನಿಮ್ಮ ಮಷೀನ್ ಏನ್ ಅಂತದ್ರಿ?”

“ಎಂಬತ್ತೆರಡು ಡಿಗ್ರಿ.”

“ಮುಂಜಾನೇನೂ ಎಂಬತ್ತೆರಡೇ ಇತ್ತಲ್ರಿ.”

ಇವರು ಅಂಕಿಯನ್ನೇ ನೋಡುತ್ತ ನಿಂತರಂತೆ. ಕುದಿಯುವ ಟ್ಯಾಂಕಿನ ಅಂಕಿ ಅಷ್ಟು ಹೊತ್ತು ಅಲುಗಾಡದೆ ಇರುವುದಿಲ್ಲ. ಮೀಟರ್ ಮುಂಜಾನೆಯಿಂದ ಮಾತೇ ಆಡಿರಲಿಲ್ಲ.

“ಬದ್ರು, ಅದು ಹಳೇ ಅಂಕಿ. ಎಲ್ಲರ್ನೂ ಹೊರಗ ಕರ್ಕೊಂಡು ಹೋಗು.”

ತಾವು ತಣ್ಣೀರಿನ ವಾಲ್ವ್ ತಿರುಗಿಸಲು ಟ್ಯಾಂಕಿನ ಕಡೆ ಓಡಿದರು. ಬದ್ರುದ್ದೀನ್ ಎಲ್ಲರನ್ನೂ ಹೊರಗೆ ಕಳಿಸಿ ಇವರಿಗಾಗಿ ತಿರುಗಿ ಬಂದ. ಅಷ್ಟರಲ್ಲಿ ಟ್ಯಾಂಕು ಒಡೆಯಿತು.

ಇವರನ್ನು ಮನೆಗೆ ತಂದಾಗ ಮುಖದ ಮೇಲೆ ಬಟ್ಟೆ ಹಾಕಿದ್ದರು. ತೆಗೆಯಬೇಡ ಅಂದರು. ನಾನು ಕಾಲು ನೋಡಿ ಗುರುತು ಹಿಡಿದೆ.

ತಪ್ಪು ಏಕನಾಥನದು ಅಂತ ಕಾರ್ಖಾನೆಯವರು ಹೇಳಿದರು. ಹೌದು, ಇವರದೇ. ಹೊರಗೆ ಬಂದ ಅಷ್ಟೂ ಜನ ಉಳಿದದ್ದೂ ಇವರಿಂದಲೇ. ಅದನ್ನು ಯಾರೂ ಹೇಳಲಿಲ್ಲ.

ಆಮೇಲೆ ಮೀಟರಿನ ಡ್ರೈವರನ್ನು ಮತ್ತೆ ತಿದ್ದಿಸಿದರು; ಈಗ ಕರೆಂಟ್ ಹೋದರೆ ಅಲ್ಲಿ ಮೊದಲಿನ ಹಾಗೆ ಗಂಟೆ ಹೊಡೆದುಕೊಳ್ಳುತ್ತದೆ. ಜನ ಓಡುವ ಸಪ್ಪಳ ಮನೆಗೆ ಕೇಳುತ್ತದೆ. ಯಾರೂ ನಗುವುದಿಲ್ಲ. ನಾನು ನಾದುವ ಹಿಟ್ಟು ಬಿಟ್ಟು ಬಾಗಿಲಿಗೆ ಬರುತ್ತೇನೆ.