ಅವ್ವನಿಂದ ಕಡ ತಂದ ಸಾಕ್ಷಿ

ಪಕ್ಕದ ಮನೆಯಲ್ಲಿ ಯಾರೋ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತಿದ್ದಾರೆ. ಸುಟ್ಟ ಟೆರಿಲಿನ್ ವಾಸನೆ ಕಿಟಕಿಯಿಂದ ಬಂತು. ನಾನು ಬರೆಯಲು ಕೂತದ್ದು ಬೇರೆ ಏನೋ. ಅದು ಹಾಗೇ ಇರಲಿ, ಇದನ್ನು ಕೇಳಿ.

ನಮ್ಮೂರು ಹುಡಗಿಯಲ್ಲಿ ನಮ್ಮ ಸಭೆ ಎಂದರೆ ಒಂದು ತಗಡಿನ ಮನೆ, ಎರಡು ಜಮಖಾನೆ. ಭಾನುವಾರ ಪ್ರಾರ್ಥನೆ ಮುಗಿಯುವ ಮುಂಚೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವುದು ರೂಢಿ. ತಾನು ಹೇಗಿದ್ದೆ, ಯೇಸು ತನ್ನನ್ನು ಹೇಗೆ ರಕ್ಷಿಸಿದ ಎಂದು. ನಮ್ಮವ್ವ ಎದ್ದಳೆಂದರೆ ಹೆಂಗಸರು ಮೊದಲೇ ಸೆರಗು ಕೈಗೆ ತೆಗೆದುಕೊಳ್ಳುತ್ತಿದ್ದರು. ಅಪ್ಪ ಬಿಟ್ಟುಹೋದದ್ದು, ಅವಳು ಎರಡು ವರ್ಷ ಹಾಸಿಗೆ ಹಿಡಿದದ್ದು, ಯಾರೂ ಬಾರದಾಗ ಪ್ರಾರ್ಥನೆಯವರು ಗಂಜಿ ತಂದದ್ದು, ಎಲ್ಲ ನನಗೆ ಬಾಯಿಪಾಠ. ಯಾವ ಮಾತಿಗೆ ಮೂಗು ಒರೆಸಬೇಕೆಂಬುದೂ ಸಹ.

ಹತ್ತೊಂಬತ್ತು ವರ್ಷಕ್ಕೆ ನನಗೆ ದೀಕ್ಷಾಸ್ನಾನದ ಅವಸರ. ಸತ್ಯವೇದವನ್ನು ನಾನೇ ಓದಿಕೊಂಡು ಎಲ್ಲರಿಗೂ ಅರ್ಥ ಹೇಳುತ್ತಿದ್ದೆ, ಕೇಳದವರಿಗೂ. ಪಾಸ್ಟರ್ ಕೂರಿಸಿಕೊಂಡು, ಸಾಕ್ಷಿ ಹೇಳು ಅಂದರು. ಹೇಳಿದೆ. ಮೂಗು ಒರೆಸುವಲ್ಲಿ ಒರೆಸಿದೆ.

“ಇದು ನಿಮ್ಮವ್ವಂದು. ನಿಂದು ಎಲ್ಲಿ ಅದ, ತಂಗಿ?”

“ನಂದೇನೂ ಇಲ್ರಿ. ಜಡ್ಡಿನಾಗ ಬಿದ್ದಿಲ್ಲ, ಸೆರೆ ಕುಡ್ದಿಲ್ಲ.”

“ಹಂಗಾದ್ರ ಯೇಸು ನಿನ್ನ ಸಲುವಾಗಿ ಬಂದೇ ಇಲ್ಲೇನು? ಮುಂದಿನ ವಾರ ಬಾ.”

ಆ ವಾರವಿಡೀ ಒಂದು ಒಳ್ಳೆಯ ಪಾಪ ಹುಡುಕಿದೆ. ಸಭೆಯಲ್ಲಿ ಮೊದಲು ಕುಡುಕನಾಗಿದ್ದ ಒಬ್ಬ ಅಣ್ಣನಿದ್ದ, ಅವನನ್ನು ಕಂಡು ಹೊಟ್ಟೆಕಿಚ್ಚಾಯಿತು. ನಾನು ಹಾಳೆಯ ಮೇಲೆ ಬರೆದದ್ದು ಬೆಲ್ಲ ಕದ್ದದ್ದು, ಅವ್ವನಿಗೆ ಎದುರು ಮಾತಾಡಿದ್ದು. ಶಾಂತಾಳ ಹೆಸರು ಬರೆಯಲಿಲ್ಲ. ಮರೆತಿದ್ದೆ ಅಂತಲ್ಲ.

ಶಾಂತಾ ನನ್ನ ಜೊತೆ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೊಲಿಗೆ ಕಲಿಯಲು ಬರುತ್ತಿದ್ದಳು. ಒಂದು ದಿನ ಇಸ್ತ್ರಿ ಮಾಡುವಾಗ ನಾನು ಗಿರಾಕಿಯ ಜಂಪರ್ ಸುಟ್ಟೆ. ಹೊಲಿಗೆ ಅಕ್ಕೋರು, “ಯಾರ ಕೆಲಸ ಇದು?” ಅಂದಾಗ ಬಾಯಿ ಬಿಡಲಿಲ್ಲ; ಬರೀ ಶಾಂತಾಳ ಕಡೆ ನೋಡಿದೆ. ಅಷ್ಟಕ್ಕೇ ಅವಳನ್ನು ಬಿಡಿಸಿದರು. ಅವಳು ಹೊಲದ ಕೂಲಿಗೆ ಹೋದಳು.

ಯೇಸು ಲೋಕದ ಪಾಪ ಹೊತ್ತನೆಂದು ನಾನು ದಿನಾ ಹಾಡುತ್ತಿದ್ದೆ. ಲೋಕ ದೊಡ್ಡದು ನೋಡಿ, ಅದರಲ್ಲಿ ಅಡಗಿ ಕೂರಬಹುದು. ಆ ಗುರುವಾರ ಬಸ್ಸಿನಲ್ಲಿ, ಪಕ್ಕದ ಸೀಟು ಖಾಲಿ ಇರುವಾಗ, ಹಾಡು ಅರ್ಧಕ್ಕೇ ನಿಂತಿತು. ಶಾಂತಾ ನನ್ನ ತಪ್ಪು ಹೊತ್ತದ್ದು ನಾನು ಹೊರಿಸಿದ್ದರಿಂದ. ಯೇಸು ಹೊತ್ತದ್ದು ತಾನಾಗಿ ಬಂದು. ಶಾಂತಾಳ ಕಡೆ ನಾನು ನೋಡಿದ ಆ ಒಂದು ನೋಟವನ್ನೂ ಸೇರಿಸಿ. ಕ್ಷಮಿಸು ಎಂದು ಬೇರೆ ಯಾರ ಮಾತನ್ನೂ ಬಳಸದೆ ಕೇಳಿದ್ದು ಅದೇ ಮೊದಲು. ಹುಮನಾಬಾದ ಬರುವ ಮುಂಚೆಯೇ ಇಳಿದು, ಶಾಂತಾ ತೊಗರಿ ಕೊಯ್ಯುತ್ತಿದ್ದ ಹೊಲಕ್ಕೆ ನಡೆದೆ.

“ಜಂಪರ್ ಸುಟ್ಟಾಕಿ ನಾನಽ,” ಅಂದೆ.

ಕುಡುಗೋಲು ನಿಲ್ಲಲಿಲ್ಲ. “ಗೊತ್ತದ. ನಿನ್ ಕೈಬಟ್ಟಿನ ಮ್ಯಾಲ ಬೊಬ್ಬಿ ಎದ್ದಿತ್ತು.”

“ಮತ್ತ ಯಾಕ ಹೇಳ್ಲಿಲ್ಲ?”

“ನೀನಽ ಹೇಳ್ತಿ ಅಂತ ಹಾದಿ ನೋಡ್ದೆ.” ಒಂದು ಗಿಡ ಕೊಯ್ದು, “ನನ್ ಮುಂದ ಹೇಳಿದ್ರ ನಾ ಏನ್ ಮಾಡ್ಲಿ? ಅಕ್ಕೋರ ಮುಂದ ಹೇಳು,” ಅಂದಳು.

ಹೇಳಿದರೆ ನನ್ನ ಹೊಲಿಗೆ ಮುಗಿದಂತೆ. ಹೇಳಿದೆ, ಮುಗಿಯಿತು. ಅಕ್ಕೋರು ಶಾಂತಾಳಿಗೆ ಬರಹೇಳಿ ನನ್ನನ್ನು ಕಳಿಸಿದರು. ಮರಳುವ ಬಸ್ಸಿನಲ್ಲಿ ಅಳು ಬರಬೇಕಿತ್ತು, ಹಾಡು ಬಂತು.

ಭಾನುವಾರ ನನ್ನ ಸಾಕ್ಷಿ ಮೂರೇ ಮಾತು: ನಾನು ಸುಟ್ಟೆ, ಶಾಂತಾ ಹೊತ್ತಳು, ಯೇಸು ಕ್ಷಮಿಸಿದ. ಯಾರೂ ಸೆರಗು ಹಿಡಿಯಲಿಲ್ಲ. ಪಾಸ್ಟರ್ ಮಾತ್ರ, “ಹಾಂ, ಇದು ನಿಂದು,” ಅಂದರು. ಅದೇ ತಿಂಗಳು ದೀಕ್ಷಾಸ್ನಾನಕ್ಕೆ ನೀರಿಗಿಳಿದೆ.

ಈಗ ಶಾಂತಾ ಹುಮನಾಬಾದಿನಲ್ಲಿ ತನ್ನದೇ ಮಷೀನು ಹಾಕಿದ್ದಾಳೆ. ಸಭೆಗೆ ಬಾ ಎಂದು ನಾನು ಕಾಡುವುದಿಲ್ಲ. ಅರ್ಥ ಹೇಳುವ ಚಟ ಕಡಿಮೆಯಾಗಿದೆ. ಮೊನ್ನೆ ಅವಳೇ ಕೇಳಿದಳು:

“ನಿಮ್ಮ ಸಭಾದಾಗ ಇನ್ನೂ ನನ್ ಹೆಸರು ತಗೋತಿ ಏನ?”

“ತಗೋತೀನಿ.”

“ಹಂಗಾದ್ರ ಒಂದಿನ ಬಂದು ಕೇಳ್ತೀನಿ. ಖರೆ ಹೇಳ್ತಿಯೋ ಇಲ್ಲೋ ನೋಡ್ಬೇಕಲ್ಲ.”

ನಾಳೆ ಭಾನುವಾರ, ಬರುತ್ತಾಳಂತೆ. ಆ ಮೂರೇ ಮಾತನ್ನು ಈಗಲೇ ಮತ್ತೆ ಮತ್ತೆ ಹೇಳಿ ನೋಡುತ್ತಿದ್ದೇನೆ.